ಬರ ಬಂದ ಮೇಲೆ ಬರುವ ಹಣ

ಗಾಜನೂರಿನ ತುಂಗಾ ಜಲಾಶಯದ ಗೇಟು ತೆರೆದು ಹೊಳೆ ತುಂಬಿದರೆ ಹೊನ್ನಾಳಿಯ ಬಾಲರಾಜ್ ಘಾಟ್‌ನ ಮನೆಗಳಿಗೆ ನೀರು ನುಗ್ಗುತ್ತದೆ. ಅದೇ ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ಮಳೆ ಕೈಕೊಟ್ಟರೆ ಕೊಳವೆಬಾವಿ ಬತ್ತಿ, ಜನ ಟ್ಯಾಂಕರ್ ಕಾಯುತ್ತಾರೆ. ಎರಡೂ ಗೊತ್ತಿರುವ ಕಷ್ಟಗಳೇ. ಆದರೂ ಅವಕ್ಕೆ ಮೀಸಲಾದ ಹಣ ಕಷ್ಟ ಮುಗಿಯುವ ಹೊತ್ತಿಗೆ ಬರುತ್ತದೆ ಎಂಬುದೇ ನನ್ನ ಆಕ್ಷೇಪ.

ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರಕ್ಕೊಂದು, ತಡೆಗಟ್ಟುವುದಕ್ಕೊಂದು ನಿಧಿ ಇರಲಿ ಎಂದಿತು. 15ನೇ ಹಣಕಾಸು ಆಯೋಗ ವಿಪತ್ತು ನಿರ್ವಹಣೆಯ ಒಟ್ಟು ಹಣದಲ್ಲಿ ಶೇ 20ನ್ನು ತಡೆಗಟ್ಟುವ ಕೆಲಸಕ್ಕೇ ತೆಗೆದಿರಿಸಿತು. ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಆದರೆ 2023ರ ಬರದಲ್ಲಿ ಕರ್ನಾಟಕದಲ್ಲಿ ಆದದ್ದು ನೋಡಿ. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಆಮೇಲೆ ಆ ಸಂಖ್ಯೆ 223ಕ್ಕೆ ಏರಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ, ಕೇಂದ್ರದಿಂದ ಬಂದದ್ದು ಸುಮಾರು 3,454 ಕೋಟಿ. ಆ ಬೇಸಿಗೆಯಲ್ಲಿ ಚನ್ನಗಿರಿಯ ಬೆಳೆಗಾರರು ದುಡ್ಡು ಕೊಟ್ಟು ಟ್ಯಾಂಕರ್ ನೀರು ತರಿಸಿ ಅಡಿಕೆ ತೋಟ ಉಳಿಸಿಕೊಂಡರು. ಆಗಿನ ನಿಯಮ ಪರಿಹಾರ ಕೊಡುತ್ತಿದ್ದುದು ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡೇ ಹೆಕ್ಟೇರಿಗೆ. ಸಾಲ ಮಾಡಿ ತೋಟ ಬದುಕಿಸಿದವನ ಖರ್ಚಿಗೆ ಅಲ್ಲಿ ಜಾಗವಿರಲಿಲ್ಲ. ನಷ್ಟವನ್ನು ಮಾತ್ರ ಎಣಿಸುವ ಈ ಲೆಕ್ಕ ನನಗೆ ಅನ್ಯಾಯವಾಗಿ ಕಾಣುತ್ತದೆ.

ತಹಶೀಲ್ದಾರರ ಖಾತೆಯಲ್ಲಿ ಹಣವಿದೆ ಎಂಬ ಉತ್ತರ ಪ್ರತಿ ವರ್ಷ ಕೇಳುತ್ತೇವೆ. ಇರಬಹುದು, ಆದರೆ ಅದು ಕಾಳಜಿ ಕೇಂದ್ರ, ಟ್ಯಾಂಕರ್, ಬಿದ್ದ ಮನೆಯ ಪರಿಹಾರಕ್ಕೆ, ತಡೆಗಟ್ಟುವ ಕೆಲಸಕ್ಕಲ್ಲ. ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ತಾಲ್ಲೂಕು ಮಟ್ಟದ ಪ್ರಾಧಿಕಾರವಿಲ್ಲ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಗೆ ತಾಲ್ಲೂಕು ಕಚೇರಿ ಬಂತು, ಆದರೆ ತಡೆಗಟ್ಟುವ ಕೆಲಸವನ್ನು ತಾನೇ ನಿರ್ಧರಿಸುವ ಶಕ್ತಿ ಬರಲಿಲ್ಲ.

ಜಗಳೂರಿನ ಮಟ್ಟಿಗೆ ಬರದ ನಿಜವಾದ ಮದ್ದು ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆ. ಅದು ರೂಪುಗೊಂಡದ್ದು ನೀರಾವರಿ ಯೋಜನೆಯಾಗಿ. ಪೈಪು ಹಾಕಿದರೆ ಮುಗಿಯಲಿಲ್ಲ. ಪಂಪಿನ ವಿದ್ಯುತ್ತು, ದುರಸ್ತಿ, ಕೆರೆಯ ಹೂಳೆತ್ತುವುದು, ಎಲ್ಲಕ್ಕೂ ವರ್ಷವರ್ಷವೂ ಹಣ ಬೇಕು. ತಡೆಗಟ್ಟುವ ನಿಧಿಯ ಒಂದು ಪಾಲು ಪ್ರತಿ ಏಪ್ರಿಲ್‌ನಲ್ಲಿ, ಬರ ಘೋಷಣೆಗೆ ಕಾಯದೆ, ಇಂಥ ಖರ್ಚಿಗೂ ಬಾಲರಾಜ್ ಘಾಟ್‌ನ ಕುಟುಂಬಗಳಿಗೆ ಎತ್ತರದ ನಿವೇಶನಕ್ಕೂ ತಾಲ್ಲೂಕಿಗೇ ಸೇರಬೇಕು; ಖರ್ಚಾಗದೆ ಉಳಿದರೆ ಮುಂದಿನ ವರ್ಷಕ್ಕೆ ಅಲ್ಲೇ ಉಳಿಯಬೇಕು.