ಕೇಳದೇ ಉಳಿದ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಮ್ಮ ಕಥಾಸಂಕಲನವೊಂದರ ಬಗ್ಗೆ ಕಾಲೇಜೊಂದರಲ್ಲಿ ಸಂವಾದ ಏರ್ಪಾಡಾಗಿತ್ತು. ಒಂದು ಗಂಟೆಯ ಕಾರ್ಯಕ್ರಮ. ತಲಾಖ್ ಬಗ್ಗೆ ಕೇಳಿದರು, ಬುರ್ಖಾ ಬಗ್ಗೆ ಕೇಳಿದರು, ‘ನಿಮ್ಮವರು ಇದನ್ನೆಲ್ಲ ಒಪ್ಪುತ್ತಾರೆಯೇ?’ ಎಂದೂ ಕೇಳಿದರು. ಅದೇ ವಾರ ಜುಮಾ ನಮಾಝ್ ಮುಗಿಸಿ ಹೊರಬರುವಾಗ ಮೊಹಲ್ಲಾದ ಹಿರಿಯರೊಬ್ಬರು ತಡೆದು ನಿಲ್ಲಿಸಿ, ‘ಆ ಕಥೆಯಲ್ಲಿ ಬರುವ ಖಾಲಾ ಯಾರು ಬೇಟಾ? ನಮ್ಮ ಬೀದಿಯವಳೇ ತಾನೆ?’ ಎಂದರು. ಎರಡೂ ಕಡೆಯವರಿಗೆ ಬೇಕಾದದ್ದು ಒಂದೇ ಸಂಗತಿ: ಇದು ಯಾರ ಮನೆಯಲ್ಲಿ ನಡೆದದ್ದು? ಆ ಖಾಲಾ ಕಥೆಯುದ್ದಕ್ಕೂ ಒಂದು ಮಾತೂ ಆಡುವುದಿಲ್ಲ. ಅವಳ ಬಾಯಿಂದ ಮಾತುಗಳನ್ನು ಒಂದೊಂದಾಗಿ ತೆಗೆದುಹಾಕಲು ನಾವು ಐದು ಸಲ ತಿದ್ದಿ ಬರೆದಿದ್ದೆವು. ಅದರ ಬಗ್ಗೆ ಯಾರೂ ಕೇಳಲಿಲ್ಲ.

ಲೇಖಕನನ್ನು ಕೂರಿಸಿಕೊಂಡು ಅವನ ಕಸುಬಿನ ಬಗ್ಗೆಯೇ ಕೇಳುವ ಪರಿಪಾಠವನ್ನು ‘ಪ್ಯಾರಿಸ್ ರಿವ್ಯೂ’ ಪತ್ರಿಕೆ 1953ರಲ್ಲಿ ತನ್ನ ಮೊದಲ ಸಂಚಿಕೆಯಿಂದಲೇ ಆರಂಭಿಸಿತು. ಮೊದಲು ಮಾತಿಗೆ ಸಿಕ್ಕವರು ಇ.ಎಂ. ಫಾರ್ಸ್ಟರ್. ‘ಎ ಪ್ಯಾಸೇಜ್ ಟು ಇಂಡಿಯಾ’ (1924) ಕಾದಂಬರಿಯನ್ನು ಅವರು ಅರ್ಪಿಸಿದ್ದು ಸರ್ ಸಯ್ಯದ್ ಅಹ್ಮದ್ ಖಾನರ ಮೊಮ್ಮಗ, ತಮ್ಮ ಗೆಳೆಯ ರಾಸ್ ಮಸೂದರಿಗೆ. ಅದರ ನಾಯಕ ಡಾ. ಅಝೀಝ್. ಗುಹೆಯಲ್ಲಿ ಏನೋ ಮಹತ್ವದ್ದು ನಡೆಯುತ್ತದೆ, ಕಾದಂಬರಿಯ ನಡುಭಾಗ ಅದೇ ಎಂಬುದು ಬರೆಯುವಾಗ ತಮಗೆ ಗೊತ್ತಿತ್ತು. ಏನು ನಡೆಯುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ ಎಂದು ಫಾರ್ಸ್ಟರ್ ಆ ಮಾತುಕತೆಯಲ್ಲಿ ಒಪ್ಪಿಕೊಳ್ಳುತ್ತಾರೆ. ಇದನ್ನು ಓದಿದ ಮೇಲೆ ನಾವು ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡೆವು. ಗುಹೆಯಲ್ಲಿ ಏನಾಯಿತೆಂದು ಓದುಗನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಲೇಖಕನ ಅಂದಿನ ತಡಕಾಟವೇ ಪುಟದ ಮೇಲೆ ಕತ್ತಲಾಗಿ ಉಳಿದಿದೆ ಎಂದು ನಮಗೆ ಈಗ ತೋರುತ್ತದೆ.

ಈ ಸಂದರ್ಶನಗಳನ್ನು ಪೂರ್ತಿ ನಂಬಬೇಕಾಗಿಲ್ಲ. ಅಚ್ಚಿಗೆ ಹೋಗುವ ಮುನ್ನ ಲೇಖಕರೇ ಅವನ್ನು ತಿದ್ದುವುದುಂಟು. 1958ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಹೆಮಿಂಗ್ವೇ ಪ್ರಶ್ನೆ ಕೇಳಿದವರನ್ನು ಹಲವೆಡೆ ಗದರಿಸುತ್ತಾರೆ. ಆದರೂ ‘ಎ ಫೇರ್‌ವೆಲ್ ಟು ಆರ್ಮ್ಸ್’ನ ಕೊನೆಯ ಪುಟವನ್ನು 39 ಸಲ ಬರೆದೆ ಎಂಬ ಮಾತು ಹೊರಬಿದ್ದದ್ದು ಅಲ್ಲಿಯೇ. ಐದು ಸಲಕ್ಕೇ ಬೀಗುವ ನಮ್ಮಂಥವರು ಇದನ್ನು ಗಮನಿಸಬೇಕು.

ಓರ್ಹಾನ್ ಪಾಮುಕ್‌ರದು ಬೇರೆಯೇ ಬಗೆಯ ಪಾಠ. 2005ರಲ್ಲಿ ಅವರ ಎರಡು ಮಾತುಕತೆಗಳು ಪ್ರಕಟವಾದವು. ‘ಪ್ಯಾರಿಸ್ ರಿವ್ಯೂ’ ಜೊತೆಗಿನ ಮಾತಿನಲ್ಲಿ, ಮನೆಯಲ್ಲೇ ಬರೆಯಬೇಕಾಗಿದ್ದ ದಿನಗಳಲ್ಲಿ ತಾವು ಬೆಳಿಗ್ಗೆ ಹೆಂಡತಿಗೆ ಹೇಳಿ ಹೊರಟು, ಬೀದಿ ಸುತ್ತಿ, ಕಚೇರಿಗೆ ಬಂದವರಂತೆ ಅದೇ ಮನೆಗೆ ಹಿಂತಿರುಗುತ್ತಿದ್ದುದನ್ನು ನೆನೆಯುತ್ತಾರೆ. ಸ್ವಿಸ್ ಪತ್ರಿಕೆಯೊಂದಕ್ಕೆ ನೀಡಿದ ಸಂದರ್ಶನದಲ್ಲಿ ಅರ್ಮೇನಿಯನ್ನರ, ಕುರ್ದರ ಹತ್ಯೆಗಳ ಬಗ್ಗೆ ಆಡಿದ ಮಾತಿಗಾಗಿ ತುರ್ಕಿಯಲ್ಲಿ ಮೊಕದ್ದಮೆ ಎದುರಿಸಬೇಕಾಯಿತು. 2006ರ ಜನವರಿಯಲ್ಲಿ ಅದನ್ನು ಕೈಬಿಡಲಾಯಿತು. ಬಹಳ ಜನರಿಗೆ ನೆನಪಿರುವುದು ಮೊಕದ್ದಮೆ ಮಾತ್ರ.

ಈಜಿಪ್ಟಿನ ನಜೀಬ್ ಮಹ್‌ಫೂಝ್‌ರ ಬದುಕಿನಲ್ಲಿ ಈ ಸಂಗತಿ ರಕ್ತ ಹರಿಸುವ ಮಟ್ಟಕ್ಕೆ ಹೋಯಿತು. 1959ರಲ್ಲಿ ‘ಅಲ್ ಅಹ್ರಾಮ್’ನಲ್ಲಿ ಧಾರಾವಾಹಿಯಾಗಿ ಬಂದ ಅವರ ‘ಔಲಾದ್ ಹಾರತಿನಾ’ ಕಾದಂಬರಿಯನ್ನು ಜನ ಒಂದು ಹೇಳಿಕೆಯೆಂಬಂತೆ ಓದಿದರು: ಈ ಪಾತ್ರ ಯಾರು, ಆ ಪಾತ್ರ ಯಾವ ಪ್ರವಾದಿ? ನಮ್ಮ ಮೊಹಲ್ಲಾದ ಹಿರಿಯರ ಪ್ರಶ್ನೆಗೂ ಇದಕ್ಕೂ ಜಾತಿ ಒಂದೇ, ಪ್ರಮಾಣ ಬೇರೆ. 1988ರಲ್ಲಿ ನೊಬೆಲ್ ಬಂತು. 1994ರ ಅಕ್ಟೋಬರ್‌ನಲ್ಲಿ ಕೈರೋದಲ್ಲಿ ಯುವಕನೊಬ್ಬ ಅವರ ಕುತ್ತಿಗೆಗೆ ಚೂರಿ ಹಾಕಿದ. ಜೀವ ಉಳಿಯಿತು, ಬರೆಯುವ ಬಲಗೈಯ ನರ ಸೋತುಹೋಯಿತು. ಆಮೇಲೆ ಅವರ ವಾರದ ಅಂಕಣ ಸಿದ್ಧವಾಗುತ್ತಿದ್ದುದು ಮುಹಮ್ಮದ್ ಸಲ್ಮಾವಿ ಅವರೊಡನೆ ನಡೆಸುತ್ತಿದ್ದ ಮಾತುಕತೆಯಿಂದ. ದಶಕಗಳ ಕಾಲ ಸರಕಾರಿ ನೌಕರಿ ಮಾಡುತ್ತಲೇ ದಿನದ ಗಂಟೆಗಳನ್ನು ಅಳೆದು ಬರೆದ ಮನುಷ್ಯ ಅವರು. 2006ರಲ್ಲಿ ತೀರಿಕೊಳ್ಳುವ ಹೊತ್ತಿಗೆ, ಬರೆದೇ ಬದುಕಿದವರಿಗೆ ಮಾತೇ ಬರವಣಿಗೆಯಾಗಿತ್ತು.

ಇಷ್ಟೆಲ್ಲ ಹೇಳುವ ನಾವೂ ಶುದ್ಧರಲ್ಲ. ಹಿಂದೊಮ್ಮೆ ಪತ್ರಿಕೆಯೊಂದಕ್ಕಾಗಿ ಹಿರಿಯ ಕಾದಂಬರಿಕಾರರೊಬ್ಬರನ್ನು ಸಂದರ್ಶಿಸಿದ್ದೆವು. ಬರೆದುಕೊಂಡು ಹೋಗಿದ್ದ ಹನ್ನೆರಡು ಪ್ರಶ್ನೆಗಳಲ್ಲಿ ಒಂಬತ್ತು ಸಮುದಾಯದ ಬಗ್ಗೆ. ಅವರು ಸಹನೆಯಿಂದ ಉತ್ತರಿಸಿದರು. ಟೇಪ್ ರೆಕಾರ್ಡರ್ ನಿಲ್ಲಿಸಿ ಚಹಾ ಕುಡಿಯುವಾಗ, ಮೊದಲ ಮೂರು ಅಧ್ಯಾಯಗಳನ್ನು ಹರಿದುಹಾಕಿದ ಮೇಲೆಯೇ ತಮ್ಮ ಕಾದಂಬರಿ ನಡೆಯತೊಡಗಿತೆಂದು ಹೇಳಿದರು. ಹರಿದ ಪುಟಗಳಲ್ಲಿ ಏನಿತ್ತೆಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಸಾಮಾಜಿಕ ಪ್ರಶ್ನೆ ಬೇಡವೆಂದು ನಾವು ಹೇಳುತ್ತಿಲ್ಲ. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದದ್ದು ಆ ಪ್ರಶ್ನೆ ಎತ್ತಲೆಂದೇ. ಆದರೆ ತಲಾಖ್‌ನ ಬಗೆಗಿನ ವಾದವನ್ನು ಎರಡು ಕಾಲಮ್ಮಿನ ಲೇಖನದಲ್ಲೂ ಮಂಡಿಸಬಹುದಿತ್ತಲ್ಲ. ಗಂಡನ ಬಳಿಗೆ ಮರಳಲು ಇನ್ನೊಬ್ಬನೊಡನೆ ಒಂದು ರಾತ್ರಿ ಕಳೆಯಬೇಕಾದ ನಾದಿರಾ ಕೊನೆಗೆ ನೀರಿಗಿಳಿಯುತ್ತಾಳೆ. ಹೆಸರಿನಲ್ಲೇ ನದಿಯಿರುವ ಕಾದಂಬರಿಯಲ್ಲಿ ಅವಳು ಮುಳುಗುವುದು ಮಸೀದಿಯ ಕೆರೆಯಲ್ಲಿ. ಆ ನೀರನ್ನು ಲೇಖಕಿ ಯಾವ ಹಂತದಲ್ಲಿ ಆರಿಸಿದರು? ಇನ್ನೊಂದು ಪ್ರಶ್ನೆಯೂ ಇತ್ತು. ಕಾಸರಗೋಡಿನ ಆ ಮನೆಗಳಲ್ಲಿ ಆಡುವುದು ಮಲಯಾಳ, ಪುಸ್ತಕದಲ್ಲಿರುವುದು ಕನ್ನಡ. ನಾದಿರಾ ಅವರ ಕಿವಿಯಲ್ಲಿ ಯಾವ ಭಾಷೆಯಲ್ಲಿ ಅಳುತ್ತಿದ್ದಳು? ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು, ಕಥೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಈ ಪ್ರಶ್ನೆ ಊಟದಷ್ಟೇ ಅಗತ್ಯದ್ದು. ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡರು.

ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’ ಸಾವಿರ ಪುಟ ದಾಟುವ ಕಾದಂಬರಿ. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರ ಬಗ್ಗೆ ದೇಶವಿಭಜನೆ, ದೇಶಭಕ್ತಿ ಎಂದು ಎಷ್ಟಾದರೂ ಮಾತಾಡಬಹುದು. ನಮಗೆ ಕೇಳಬೇಕಾದದ್ದು ಮುತ್ತುಪ್ಪಾಡಿಯ ಬಗ್ಗೆ. ಇಷ್ಟು ವರ್ಷ ಕಥೆಯಿಂದ ಕಥೆಗೆ ಬೆಳೆಸಿಕೊಂಡು ಬಂದ ಆ ಕಲ್ಪಿತ ಊರಿನಲ್ಲಿ ಯಾವ ಓಣಿ ಯಾವ ಮನೆಯ ಹಿತ್ತಲಿಗೆ ತಿರುಗುತ್ತದೆಂದು ಅವರು ಎಲ್ಲಾದರೂ ನಕ್ಷೆ ಬರೆದಿಟ್ಟುಕೊಂಡಿದ್ದಾರೆಯೇ, ಅಥವಾ ಎಲ್ಲವೂ ನೆನಪಿನಲ್ಲೇ ಇದೆಯೇ?