ತಟ್ಟೆ, ಟಿಕೆಟ್ಟು ಮತ್ತು ಇಂಗಾಲದ ಲೆಕ್ಕ

ಒಬ್ಬ ವ್ಯಕ್ತಿಯ ಊಟ, ಓಡಾಟ, ಮನೆಬಳಕೆಗಳಿಂದ ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮೊದಲಾದ ಹಸಿರುಮನೆ ಅನಿಲಗಳ ಒಟ್ಟು ಮೊತ್ತವೇ ಇಂಗಾಲದ ಹೆಜ್ಜೆಗುರುತು. ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್ನಾಗೆಲ್ 1990ರ ದಶಕದಲ್ಲಿ ರೂಪಿಸಿದ ಪರಿಸರ ಹೆಜ್ಜೆಗುರುತಿನ ಕಲ್ಪನೆಯಿಂದ ಕವಲೊಡೆದ ಈ ಅಳತೆಯನ್ನು ಮುಂದಿನ ದಶಕದಲ್ಲಿ ಜನಬಳಕೆಗೆ ತಂದದ್ದು ಬಿಪಿ ಎಂಬ ತೈಲ ಕಂಪನಿಯ ಜಾಹೀರಾತುಗಳು. ತೈಲ ಮಾರುವವರೇ ಕೊಳ್ಳುವವರ ಕೈಗೆ ಲೆಕ್ಕದ ಪುಸ್ತಕ ಕೊಟ್ಟರೆಂಬ ಕಾರಣಕ್ಕೆ ಅಳತೆ ಸುಳ್ಳಾಗುವುದಿಲ್ಲವಾದರೂ, ಅದು ಯಾರನ್ನು ಪ್ರಶ್ನಿಸುತ್ತದೆ, ಯಾರನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಪರಿಶೀಲಿಸಲೇಬೇಕಾಗುತ್ತದೆ.

ಆಹಾರದ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವುದು ಸಂಶೋಧಕರಾದ ಪೂರ್ ಮತ್ತು ನೆಮೆಚೆಕ್ 2018ರಲ್ಲಿ ಪ್ರಕಟಿಸಿದ, 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿಯನ್ನು ಒಳಗೊಂಡ ಅಧ್ಯಯನ. ಸಾಗಣೆಯ ಪಾಲು ಚಿಕ್ಕದು, ಏನನ್ನು ಹೇಗೆ ಬೆಳೆಯುತ್ತೇವೆ ಎಂಬುದೇ ಮುಖ್ಯ ಎಂದು ತೋರಿಸಿದ ಈ ಅಧ್ಯಯನದಿಂದ ಪಾಶ್ಚಾತ್ಯ ಓದುಗರು ಗೋಮಾಂಸ ಕಡಿಮೆ ಮಾಡುವ ಪಾಠ ಕಲಿತರು. ಕರ್ನಾಟಕದ ಬಹುಪಾಲು ತಟ್ಟೆಗಳಿಗೆ ಆ ಪಾಠ ಹೊಂದುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಅನ್ನದ್ದು, ಜೊತೆಗೆ ಜಾನುವಾರುಗಳಿಂದಲೇ ಬಂದರೂ ಸಸ್ಯಾಹಾರಿಗಳು ಲೆಕ್ಕಕ್ಕೇ ಹಿಡಿಯದ ಹಾಲು, ತುಪ್ಪ, ಪನೀರಿನದ್ದು. ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ತಾಗದೆ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ; ನೂರು ವರ್ಷಗಳ ಅವಧಿಯಲ್ಲಿ ಈ ಅನಿಲದ ತಾಪಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟಿಗೂ ಹೆಚ್ಚು. ಹೀಗಾಗಿ ಒಂದು ಕಿಲೋ ಅಕ್ಕಿಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 4 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲವಿದೆ. ಮಳೆಯಾಶ್ರಿತ ಹೊಲದಲ್ಲಿ ಬೆಳೆಯುವ ರಾಗಿಗೆ ಈ ಹೊರೆಯಿಲ್ಲ. ಆದರೆ ಮುದ್ದೆಯ ಜಾಗಕ್ಕೆ ಅನ್ನ ಬಂದದ್ದು ನಾಲಗೆಯ ಚಪಲದಿಂದಷ್ಟೇ ಅಲ್ಲ. ನಾಲೆಯ ನೀರು, ಭತ್ತದ ಬೆಂಬಲ ಬೆಲೆ, ಪಡಿತರದ ಅಕ್ಕಿ ಎಲ್ಲವೂ ಸೇರಿ ಆ ಆಯ್ಕೆಯನ್ನು ಮೊದಲೇ ಮಾಡಿಟ್ಟಿದ್ದವು. 2022ರಲ್ಲಿ ಚಾಲನೆ ಪಡೆದ ಕೇಂದ್ರ ಸರ್ಕಾರದ ‘ಲೈಫ್’ (ಪರಿಸರಕ್ಕಾಗಿ ಜೀವನಶೈಲಿ) ಅಭಿಯಾನ ಬಹುತೇಕ ವ್ಯಕ್ತಿಯ ನಡವಳಿಕೆಗೇ ಉಪದೇಶ ಹೇಳುತ್ತದಾದರೂ, ಸಿರಿಧಾನ್ಯವನ್ನು ಅಂಗನವಾಡಿ, ಬಿಸಿಯೂಟ, ಪಡಿತರಗಳ ಮೂಲಕ ತರಬೇಕೆಂದು ಅದರ ಪಟ್ಟಿಯಲ್ಲಿರುವ ಸಲಹೆ ಆ ಮಟ್ಟಿಗೆ ವಿವೇಕದ್ದು.

ಓಡಾಟದ ಲೆಕ್ಕ ಇನ್ನೂ ನೇರ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ದಿನಕ್ಕೆ 20 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಕೆಲಸಕ್ಕೆ ಹೋಗಿಬರುವವರ ಪಾಲು 300 ಕಿಲೋದಷ್ಟು. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಒಮ್ಮೆ ಹೋಗಿಬಂದವರ ಪಾಲೂ ಹೆಚ್ಚುಕಡಿಮೆ ಅಷ್ಟೇ. ವರ್ಷವಿಡೀ ಹೊಗೆ ಕುಡಿಯುತ್ತ ಸಿಗ್ನಲ್ಲಿನಲ್ಲಿ ನಿಂತವನನ್ನೂ ಒಂದು ವಾರಾಂತ್ಯಕ್ಕೆ ಹಾರಿಬಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತೋರಿಸುವುದೇ ಈ ಅಳತೆಯ ದೊಡ್ಡ ಗುಣ.

ದೋಷ ಕಾಣಿಸುವುದು ಮೆಟ್ರೊ, ಬಸ್ಸುಗಳ ಮಾತು ಬಂದಾಗ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ‘ನಮ್ಮ ಮೆಟ್ರೊ’ದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿ ಪ್ರಯಾಣಿಕರ ಸಂಖ್ಯೆ ಇಳಿದಾಗ, ಅವರಲ್ಲಿ ಸ್ಕೂಟರಿಗೆ ಮರಳಿದವರ ಹೊಗೆಯನ್ನು ಹೆಜ್ಜೆಗುರುತಿನ ಲೆಕ್ಕ ಅವರ ಖಾತೆಗೇ ಬರೆಯುತ್ತದೆ, ದರ ನಿಗದಿ ಮಾಡಿದವರ ಖಾತೆಗಲ್ಲ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಟ್ಟ ಕರ್ನಾಟಕ ಸರ್ಕಾರದ 2023ರ ಶಕ್ತಿ ಯೋಜನೆಯನ್ನು ಹವಾಮಾನದ ಸಾಧನೆಯೆಂದು ಹೊಗಳುವುದೂ ಆತುರವೇ, ಏಕೆಂದರೆ ಅದರ ಫಲಾನುಭವಿಗಳಲ್ಲಿ ಅನೇಕರು ಮೊದಲೂ ಬಸ್ಸಿನಲ್ಲೇ ಓಡಾಡುತ್ತಿದ್ದವರು ಅಥವಾ ನಡೆಯುತ್ತಿದ್ದವರು.

ಭಾರತದ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದ್ದು ಸುಮಾರು 14. ಭಾರತದ ಈ ಸರಾಸರಿಯೊಳಗೆ ಎರಡು ಕಾರು, ಹವಾನಿಯಂತ್ರಿತ ಕೋಣೆ, ಆಗಾಗ ವಿಮಾನ ಇರುವ ಮನೆಯೂ ಪಡಿತರದ ಮನೆಯೂ ಒಟ್ಟಿಗೇ ಅಡಗಿವೆ. ಮೊದಲನೆಯ ಮನೆಗೆ ಇಂಗಾಲದ ಹೆಜ್ಜೆಗುರುತು ತಕ್ಕ ಅಳತೆ, ಅಲ್ಲಿ ಅದನ್ನು ಕಟ್ಟುನಿಟ್ಟಾಗಿಯೇ ಬಳಸಬೇಕು. ಎರಡನೆಯದಕ್ಕೆ ಅದನ್ನು ಉಪದೇಶವಾಗಿ ಹೇಳುವ ಬದಲು ಪಡಿತರದಲ್ಲಿ ರಾಗಿ, ಜೋಳವನ್ನೂ ಬಡಾವಣೆಗೆ ಹೊತ್ತುಹೊತ್ತಿಗೆ ಬಸ್ಸನ್ನೂ ಕೊಡುವುದು ಸರ್ಕಾರದ ಕೆಲಸ.