ನಾಲ್ಕು ಲಕ್ಷಣ, ಒಂದು ಭಯ

ಅನುಭಾವದ ಚರ್ಚೆ ಎದ್ದಾಗಲೆಲ್ಲ ವಿಲಿಯಂ ಜೇಮ್ಸ್ ಹೇಳಿದ ನಾಲ್ಕು ಲಕ್ಷಣಗಳು ಬಂದೇ ಬರುತ್ತವೆ: ಮಾತಿಗೆ ಸಿಗದಿರುವುದು, ಅರಿವನ್ನು ಕೊಡುವುದು, ಹೆಚ್ಚು ಹೊತ್ತು ನಿಲ್ಲದಿರುವುದು, ತಾನಾಗಿ ಬಂದು ಆವರಿಸುವುದು. 1901–02ರಲ್ಲಿ ಅವನು ಎಡಿನ್‌ಬರೋದಲ್ಲಿ ಕೊಟ್ಟ 20 ಗಿಫರ್ಡ್ ಉಪನ್ಯಾಸಗಳು ‘ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯನ್ಸ್’ ಎಂಬ ಪುಸ್ತಕವಾದವು. ವಿವೇಕಾನಂದರ ರಾಜಯೋಗದ ಮಾತುಗಳನ್ನೂ ಅದರಲ್ಲಿ ಬಳಸಿಕೊಂಡಿದ್ದರಿಂದ ನಮಗೆ ಅದು ಇನ್ನಷ್ಟು ಹತ್ತಿರವಾಯಿತು. ಪುಸ್ತಕದ ಕೀರ್ತಿ ನಿಂತಿರುವುದು ಈ ನಾಲ್ಕು ಲಕ್ಷಣಗಳ ಮೇಲೆ, ಜೊತೆಗೆ ಧರ್ಮದ ತಿರುಳು ಒಬ್ಬೊಬ್ಬ ಮನುಷ್ಯನ ಏಕಾಂತದಲ್ಲಿದೆ ಎಂಬ ಎರಡನೆಯ ಉಪನ್ಯಾಸದ ನಿಲುವಿನ ಮೇಲೆ. ನನ್ನ ಮಟ್ಟಿಗೆ ಇವೆರಡೂ ಅದರ ದುರ್ಬಲ ಭಾಗಗಳು. ಅದರ ನಿಜವಾದ ಸಾಧನೆ ಇರುವುದು ರೋಗಗ್ರಸ್ತ ಆತ್ಮವನ್ನು ಕುರಿತ ಉಪನ್ಯಾಸದ ಕೊನೆಯ ಕಡೆ ಬರುವ ಒಂದು ಸಣ್ಣ ಪ್ರಸಂಗದಲ್ಲಿ. ಆ ಪ್ರಸಂಗ ಪುಸ್ತಕದ ಸಿದ್ಧಾಂತವನ್ನೇ ಒಡೆಯುತ್ತದೆ.

ಪ್ರಸಂಗವನ್ನು ಹೇಳುವವನು ಹೆಸರಿಲ್ಲದ ಒಬ್ಬ ಫ್ರೆಂಚ್ ಪತ್ರಲೇಖಕ. ಅದು ತನ್ನದೇ ಅನುಭವವೆಂದು ಜೇಮ್ಸ್ 1904ರಲ್ಲಿ ಫ್ರೆಂಚ್ ಅನುವಾದಕ ಫ್ರಾಂಕ್ ಅಬೋಜಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡ. ಇದು ನಡೆದದ್ದು 1870ರಲ್ಲೋ ಅದರ ಆಚೀಚೆಯೋ ಎಂದು ಜೀವನಚರಿತ್ರಕಾರರು ವಾದಿಸುತ್ತಲೇ ಬಂದಿದ್ದಾರೆ. ತಾರೀಖು ಇತ್ಯರ್ಥವಾದರೂ ಆ ಬರಹ ಒಂದಿಷ್ಟೂ ಬೆಳಗುವುದಿಲ್ಲ. ನೋಡಬೇಕಾದದ್ದು ಅದರ ಕಟ್ಟಡವನ್ನು.

ಸಂಜೆಯ ಮಬ್ಬಿನಲ್ಲಿ ಏನನ್ನೋ ತರಲು ಉಡುಪಿನ ಕೋಣೆಗೆ ಹೋದವನನ್ನು ತನ್ನ ಇರವಿನ ಬಗೆಗಿನ ಭಯವೊಂದು ಥಟ್ಟನೆ ಹಿಡಿಯುತ್ತದೆ. ಅದೇ ಗಳಿಗೆಯಲ್ಲಿ, ಹಿಂದೆ ಹುಚ್ಚಾಸ್ಪತ್ರೆಯಲ್ಲಿ ಕಂಡಿದ್ದ ಒಬ್ಬ ಅಪಸ್ಮಾರದ ರೋಗಿ ಮನಸ್ಸಿನಲ್ಲಿ ಏಳುತ್ತಾನೆ: ಕಪ್ಪು ಕೂದಲಿನ, ಹಸಿರು ಬಣ್ಣಕ್ಕೆ ತಿರುಗಿದ ಚರ್ಮದ ಯುವಕ, ಮೊಣಕಾಲನ್ನು ಗದ್ದಕ್ಕೆ ಒತ್ತಿ, ಮೈಮೇಲಿನ ಒಂದೇ ಒರಟು ಅಂಗಿಯನ್ನು ಅದರ ಮೇಲೆ ಎಳೆದುಕೊಂಡು, ದಿನವಿಡೀ ಬೆಂಚಿನ ಮೇಲೆ ಕೂತಿರುವವನು. ಅವನಲ್ಲಿ ಅಲುಗುವುದು ಕಣ್ಣು ಮಾತ್ರ. ಭಯವೂ ಈ ಚಿತ್ರವೂ ಕೂಡಿಕೊಳ್ಳುತ್ತವೆ. ತಾನೂ ಇದೇ ಆಗಬಲ್ಲೆ, ತಡೆಯಲು ತನ್ನ ಬಳಿ ಏನೂ ಇಲ್ಲ ಎಂಬುದು ಖಚಿತವಾಗುತ್ತದೆ.

ವಿವರಗಳು ಯಾರ ಪಾಲಿಗೆ ಬಂದಿವೆ ನೋಡಿ. ಬಣ್ಣ, ಭಂಗಿ, ಬಟ್ಟೆ, ಕಣ್ಣು, ಎಲ್ಲವೂ ಆ ರೋಗಿಯವು. ತನ್ನ ಬಗ್ಗೆ ನಿರೂಪಕ ಹೇಳುವುದು ಬಹಳ ಕಡಿಮೆ: ಎದೆಯೊಳಗೆ ಗಟ್ಟಿಯಾಗಿದ್ದದ್ದೇನೋ ಕುಸಿಯಿತು, ತಾನು ನಡುಗುವ ಭಯದ ಮುದ್ದೆಯಾದೆ. ‘ನಾನು’ ಎಂಬುದಕ್ಕೆ ಇಲ್ಲಿ ಮುಖವೇ ಇಲ್ಲ. ಅದು ಮುಖವನ್ನು ಪಡೆಯುವುದು ಇನ್ನೊಬ್ಬನಿಂದ. ಅವನನ್ನು ಕಂಡು ಇವನು ಮರುಗುವುದೂ ಇಲ್ಲ, ಏಕೆಂದರೆ ಮರುಗಲು ಬೇಕಾದ ಅಂತರ ಉಳಿದಿಲ್ಲ. ತಾನೆಂಬುದು ನಿನ್ನೆಯಿಂದ ಇಂದಿಗೆ ಹರಿಯುವ ನೆನಪಿನ ಸಾತತ್ಯ ಎನ್ನುವ ತತ್ತ್ವಜ್ಞಾನಿಗಳಿಗೆ ಈ ಪ್ರಸಂಗ ಕಠಿಣ ಪ್ರಶ್ನೆ ಹಾಕುತ್ತದೆ. ಅವನ ನೆನಪಿನ ಒಂದು ಎಳೆಯೂ ಹರಿದಿಲ್ಲ, ಆದರೂ ‘ನಾನು’ ಉಳಿದಿಲ್ಲ.

ಮುಂದಿನ ಹೆಜ್ಜೆ ಇನ್ನೂ ಮುಖ್ಯ. ಈ ವಿಷಾದಕ್ಕೆ ಧಾರ್ಮಿಕ ಅರ್ಥ ಹೇಗೆ ಎಂದು ಕೇಳಿದಾಗ, ಬೈಬಲ್ಲಿನ ಕೆಲವು ವಾಕ್ಯಗಳಿಗೆ ಅಂಟಿಕೊಂಡಿರದಿದ್ದರೆ ತನಗೆ ನಿಜಕ್ಕೂ ಹುಚ್ಚು ಹಿಡಿಯುತ್ತಿತ್ತು ಎಂದು ಪತ್ರಲೇಖಕ ಉತ್ತರಿಸುತ್ತಾನೆ. ಅವನನ್ನು ಉಳಿಸಿದ್ದು ಜನ ತಲೆಮಾರುಗಳಿಂದ ಒಟ್ಟಾಗಿ ಹೇಳಿಕೊಂಡು ಬಂದ ಮಾತು. ಅಲ್ಲೇ ಅಡಿಟಿಪ್ಪಣಿಯಲ್ಲಿ ಜೇಮ್ಸ್, ಇಷ್ಟೇ ಹಠಾತ್ತಾದ ಇನ್ನೊಂದು ಭಯಕ್ಕಾಗಿ ತನ್ನ ತಂದೆ ಹೆನ್ರಿ ಜೇಮ್ಸ್‌ನ ಪುಸ್ತಕವನ್ನು ನೋಡಿ ಎನ್ನುತ್ತಾನೆ. 1844ರಲ್ಲಿ ಇಂಗ್ಲೆಂಡಿನ ವಿಂಡ್ಸರ್ ಬಳಿ ತಂದೆಗೂ ಹೀಗೇ ಆಗಿತ್ತು. ಅವನ ವರ್ಣನೆಯಲ್ಲೂ ಕೋಣೆಯಲ್ಲಿ ಕುಕ್ಕರಿಸಿದ ಒಂದು ಆಕೃತಿಯಿದೆ. ಮಗನ ಏಕಾಂತದಲ್ಲಿ ರೋಗಿಯ ಮೈ, ತಂದೆಯ ಭಯ, ಸಮುದಾಯದ ಮಾತು ಮೂರೂ ಸೇರಿಕೊಂಡಿವೆ. ಧರ್ಮದ ಮೂಲವನ್ನು ಏಕಾಂತದಲ್ಲಿಟ್ಟ ಪುಸ್ತಕದ ಅತ್ಯಂತ ಆಳದ ಸಾಕ್ಷ್ಯ ಹೀಗೆ ಅದಕ್ಕೆ ವಿರುದ್ಧವಾಗಿ ನುಡಿಯುತ್ತದೆ.

ಜೇಮ್ಸ್‌ಗೆ ಇದು ತಿಳಿಯದ ವಿಷಯವಲ್ಲ. 1890ರ ‘ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ’ಯಲ್ಲಿ, ಒಬ್ಬನನ್ನು ಗುರುತಿಸುವವರು ಎಷ್ಟು ಮಂದಿಯೋ ಅವನಿಗೆ ಅಷ್ಟು ಸಾಮಾಜಿಕ ‘ನಾನು’ಗಳು ಎಂದು ವಾದಿಸಿದವನು ಅವನೇ. ಹನ್ನೆರಡು ವರ್ಷಗಳ ನಂತರ ಜೇಮ್ಸ್ ಆ ಒಳನೋಟವನ್ನು ಧರ್ಮದ ಹೊಸ್ತಿಲಾಚೆ ಬಿಟ್ಟ. ಏಕಾಂತದ ವ್ಯಾಖ್ಯೆ ಈ ಉಪನ್ಯಾಸಗಳ ಅನುಕೂಲಕ್ಕೆ ಮಾತ್ರ ಎಂದು ಅವನು ಹೇಳಿಕೊಂಡದ್ದು ನಿಜ. ಆದರೆ ಆ ಅನುಕೂಲವೇ ಪುಸ್ತಕವನ್ನು ಆಳಿತು.

ಅವನ ವಿಮರ್ಶಕರೂ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ವೇಯ್ನ್ ಪ್ರೌಡ್‌ಫುಟ್ 1985ರಲ್ಲಿ, ಮಾತಿಗೆ ಸಿಗದು ಎನ್ನುವುದು ಅನುಭವದ ಗುಣವೇ ಅಲ್ಲ, ವಿವರಣೆಗಳನ್ನು ಹೊರಗಿಡುವ ಒಂದು ಕಟ್ಟುಪಾಡು ಎಂದು ತೋರಿಸಿದ. ಅಷ್ಟರಮಟ್ಟಿಗೆ ಸರಿ. ಆದರೆ ವ್ಯಾಖ್ಯಾನವೇ ಅನುಭವವನ್ನು ರೂಪಿಸುತ್ತದೆ ಎಂಬ ಅವನ ನಿಲುವಿಗೆ ಆ ಎದೆಯ ಕುಸಿತ ಒಗ್ಗುವುದಿಲ್ಲ. ಬೈಬಲ್ಲಿನ ಮಾತು ಬಂದದ್ದು ಕುಸಿದ ಮೇಲೆ. ಚಾರ್ಲ್ಸ್ ಟೇಲರ್ 2002ರಲ್ಲಿ, ಜೇಮ್ಸ್ ಸಮುದಾಯದ ಆಚರಣೆಗೆ ಜಾಗ ಕೊಡಲಿಲ್ಲ ಎಂದು ಆಕ್ಷೇಪಿಸಿದ. ಆಕ್ಷೇಪ ಸರಿ, ಆದರೆ ಕೊರತೆ ತುಂಬಲು ಚರ್ಚನ್ನು ಹೊರಗಿನಿಂದ ತರಬೇಕಾಗಿರಲಿಲ್ಲ. ಸಮುದಾಯ ಆ ಕತ್ತಲ ಕೋಣೆಯೊಳಗೇ ಇತ್ತು.

ನನ್ನ ದೊಡ್ಡ ಜಗಳವಿರುವುದು ನಾಲ್ಕು ಲಕ್ಷಣಗಳಿಂದ ವಚನಗಳನ್ನು ಅಳೆಯುವವರ ಜೊತೆ. ಶೂನ್ಯಸಂಪಾದನೆಗಳಲ್ಲಿ ಅಲ್ಲಮನ ಅರಿವು ತೆರೆದುಕೊಳ್ಳುವುದು ಅಕ್ಕನೊಡನೆ, ಸಿದ್ಧರಾಮನೊಡನೆ, ಮುಕ್ತಾಯಕ್ಕನೊಡನೆ ನಡೆಯುವ ವಾಗ್ವಾದದಲ್ಲಿ. ಮಾತಿಗೆ ನಿಲುಕದ್ದು ಎಂಬುದನ್ನೂ ಅಲ್ಲಿ ಎದುರಿಗಿರುವವರಿಗೇ ಹೇಳಲಾಗುತ್ತದೆ, ಅವರು ಅದನ್ನು ಪ್ರಶ್ನಿಸುತ್ತಾರೆ. ಕ್ಷಣಿಕತೆ, ನಿಷ್ಕ್ರಿಯತೆಗಳ ಅಳತೆಗೋಲು ಹಿಡಿದು ಹೋದರೆ ಕಾಯಕವೂ ಗೋಷ್ಠಿಯೂ ಲೆಕ್ಕಕ್ಕೇ ಬರುವುದಿಲ್ಲ. ಕೈಗೆ ಉಳಿಯುವುದು ಯಾವ ದೇಶಕ್ಕೂ ಹೊಂದುವ, ಯಾರದೂ ಅಲ್ಲದ ಒಬ್ಬ ಅನುಭಾವಿ.

ಜೇಮ್ಸ್‌ನ ಪ್ರಾಮಾಣಿಕತೆ ದೊಡ್ಡದು. ತನ್ನ ವಾದವನ್ನು ಕೆಡಿಸುವ ಸಾಕ್ಷ್ಯವನ್ನು ಅವನು ತನ್ನದೇ ಬದುಕಿನಿಂದ ತೆಗೆದು ಪುಸ್ತಕದಲ್ಲಿಟ್ಟ. ಸಿದ್ಧಾಂತವಾಗಿ ಈ ಪುಸ್ತಕ ಸೋಲುತ್ತದೆ, ಸಾಕ್ಷ್ಯವಾಗಿ ಗೆಲ್ಲುತ್ತದೆ. ಓದುಗರು ಅನುಭಾವದ ಅಧ್ಯಾಯಕ್ಕಿಂತ ಮೊದಲು ಆ ಭಯದ ಪ್ರಸಂಗವನ್ನು ಓದಲಿ. ನಮ್ಮ ವಿಮರ್ಶಕರು ನಾಲ್ಕು ಲಕ್ಷಣಗಳನ್ನು ಕೆಳಗಿಟ್ಟು ವಚನಗಳಿಗೆ ಮರಳಲಿ.